ಕೆಳಮನೆಯ ಹೊಗೆ, ಮೇಲ್ಮನೆಯ ಬಿಸಿ

ಕುಮಟೆಯ ಆಸ್ಪತ್ರೆಗೆ ನರ್ಸ್ ಆಗಿ ವರ್ಗವಾಗಿ ಬಂದಾಗ ನನಗೆ ಕ್ವಾರ್ಟರ್ಸ್ ಸಿಗಲಿಲ್ಲ. ಪೇಟೆಯಿಂದ ಗುಡ್ಡದ ಕಡೆಗೆ ಏರುವ ಓಣಿಯಲ್ಲಿ, ಎರಡು ಅಂತಸ್ತಿನ ಹಳೆಯ ಕಟ್ಟಡವೊಂದರ ಮೇಲಂತಸ್ತಿನಲ್ಲಿ ಬಿಡಾರ ಸಿಕ್ಕಿತು. ಊರಿನವರು ಅದನ್ನು ವಖಾರ ಎಂದೇ ಕರೆಯುತ್ತಿದ್ದರು. ಕುಮಟೆಯಿಂದ ಹಡಗಿನಲ್ಲಿ ಅರಳೆ ಹೋಗುತ್ತಿದ್ದ ಕಾಲದಲ್ಲಿ ಅರಳೆ ಮೂಟೆಗಳನ್ನು ಇಡಲು ಕಟ್ಟಿದ್ದು. ಆ ವ್ಯಾಪಾರ ನಿಂತ ಮೇಲೆ ನಡುನಡುವೆ ಅಡ್ಡಗೋಡೆ ಎಬ್ಬಿಸಿ, ಕೆಳಗೂ ಮೇಲೂ ಸಾಲಾಗಿ ಬಿಡಾರ ಮಾಡಿ ಬಾಡಿಗೆಗೆ ಬಿಟ್ಟಿದ್ದರು.

ಮೂಟೆಗೆ ಕಿಟಕಿ ಬೇಕಿಲ್ಲ. ಆದ್ದರಿಂದ ಆ ಕಟ್ಟಡಕ್ಕೆ ಕಿಟಕಿ ಎನ್ನುವಂಥದ್ದು ಹೆಚ್ಚು ಇರಲಿಲ್ಲ. ದಪ್ಪ ಚಿರೆಕಲ್ಲಿನ ಗೋಡೆ, ಕೈಗೆಟುಕದ ಎತ್ತರದಲ್ಲಿ ಸರಳು ಹಾಕಿದ ಸಣ್ಣ ಕಿಂಡಿಗಳು, ಅಷ್ಟೆ. ಕೆಳಗಿನ ಮನೆಗಳಲ್ಲಿ ಮಧ್ಯಾಹ್ನವೂ ಬಲ್ಬು ಉರಿಯುತ್ತಿತ್ತು. ಕರೆಂಟು ಹೋದರೆ ಹಗಲಿಗೇ ಚಿಮಣಿ ದೀಪ. ಮೇಲಿನ ಮನೆಗಳಿಗೆ ಹಂಚು ನೇರವಾಗಿ ತಲೆಯ ಮೇಲೆ. ಏಪ್ರಿಲ್ ತಿಂಗಳಲ್ಲಿ ಊಟಕ್ಕೆ ಕುಳಿತರೆ ಬೆವರು ತಟ್ಟೆಗೆ ಬೀಳುತ್ತಿತ್ತು. ಮಳೆಗಾಲದಲ್ಲಿ ಕೆಳಗಿನ ಗೋಡೆಗಳು ಒದ್ದೆಯಾಗಿ, ಅಲ್ಲಿಯ ಒಲೆಗಳ ಹೊಗೆ ಹೋಗಲು ದಾರಿಯಿಲ್ಲದೆ ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬರುತ್ತಿತ್ತು. ಗ್ಯಾಸಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವ ಕಾಲ. ಎಲ್ಲರದೂ ಕಟ್ಟಿಗೆ ಒಲೆ.

ನಾನು ನರ್ಸಿಂಗ್ ಕಲಿತದ್ದು ಮಿಷನ್ ಆಸ್ಪತ್ರೆಯ ಹಾಸ್ಟೆಲಿನಲ್ಲಿ. ಅಲ್ಲಿ ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು. ವಾರ್ಡಿಗೆ ಹೋದ ಕೂಡಲೇ ಮೊದಲ ಕೆಲಸ ಕಿಟಕಿ ತೆಗೆಯುವುದು, ರೋಗಿಯ ಮುಖ ನೋಡುವುದು ಆಮೇಲೆ. ಆ ಅಭ್ಯಾಸ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ವಖಾರಕ್ಕೆ ಬಂದ ಮೊದಲ ಬೆಳಿಗ್ಗೆ ಎದ್ದು ಕಿಟಕಿ ತೆಗೆಯಲು ಹೋದರೆ ತೆಗೆಯಲು ಏನೂ ಇರಲಿಲ್ಲ.

ನನ್ನ ಮನೆಯ ಪಕ್ಕದಲ್ಲಿ ಅಂಚೆ ಕಚೇರಿಯ ಗುಮಾಸ್ತರೊಬ್ಬರ ಸಂಸಾರವಿತ್ತು. ಹವ್ಯಕರು, ಮೀನು ಮುಟ್ಟದವರು. ಹೆಂಡತಿ ಇನ್ನೂ ಚಿಕ್ಕ ಪ್ರಾಯದವಳು. ನಾನು ಅವಳನ್ನು ತಂಗಿ ಎನ್ನುತ್ತಿದ್ದೆ. ಅವರ ಮನೆಗೆ ಸರಿಯಾಗಿ ಕೆಳಗೆ, ಕಟ್ಟಡದ ಕೊನೆಯ ಬಿಡಾರದಲ್ಲಿ, ಮೀನು ಮಾರುವ ಹೆಂಗಸೊಬ್ಬಳಿದ್ದಳು. ಎಲ್ಲರಿಗೂ ಅವಳು ಮೀನಕ್ಕ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳನ್ನು ಹೊನ್ನಾವರದ ಕಡೆಗೆ ಕೊಟ್ಟಿದ್ದಳು. ಬೆಳಿಗ್ಗೆ ಬುಟ್ಟಿ ಹೊತ್ತು ಹೊರಟರೆ ಮೀನು ಪೇಟೆಯಲ್ಲಿ ಅವಳ ಜಾಗ ಅವಳದೇ. ಇನ್ನೊಬ್ಬರು ಅಲ್ಲಿ ಚೀಲ ಇಟ್ಟರೂ ಅವಳ ಬಾಯಿಗೆ ಹೆದರಿ ತೆಗೆಯುತ್ತಿದ್ದರು.

ಅವಳಿಗೆ ದಮ್ಮು ಇತ್ತು. ಬೇಸಿಗೆಯಲ್ಲಿ ಹೇಗೋ ನಡೆಯುತ್ತಿತ್ತು. ಮಳೆ ಹಿಡಿದರೆ ಓಣಿಯ ಏರು ಹತ್ತುವಾಗ ಮೂರು ಕಡೆ ಬುಟ್ಟಿ ಇಳಿಸುತ್ತಿದ್ದಳು. ನಾನು ವಖಾರಕ್ಕೆ ಬಂದ ಮೊದಲ ಮಳೆಗಾಲದಲ್ಲೇ ಅವಳನ್ನು ಎರಡು ಸಲ ಆಸ್ಪತ್ರೆಗೆ ಸೇರಿಸಬೇಕಾಯಿತು. ಎರಡನೆಯ ಸಲ ಡಾಕ್ಟರು ಮಗಳನ್ನು ಕರೆಸಿ ಹೇಳಿದರು, ಔಷಧ ಕೊಡಬಹುದು, ಆದರೆ ಆ ಮನೆಯ ತೇವದಲ್ಲಿ, ಆ ಹೊಗೆಯಲ್ಲಿ ಔಷಧ ಏನು ಮಾಡೀತು ಎಂದು. ಮಗಳು ಅಲ್ಲೇ ನಿಂತು ತಾಯಿಗೆ ಕರಾರು ಹಾಕಿದಳು.

"ಬಪ್ಪ ವರ್ಷ ಚೌತಿಗೆ ಬತ್ತೆ ನಾನು. ಆವಾಗ್ಲೂ ಹಿಂಗೇ ಇದ್ರೆ ಬುಟ್ಟಿ ಇಲ್ಲೇ ಬಿಟ್ಟು ನನ್ನ ಸಂಗ್ತಿ ಬರೂದು. ಮಾತಿಲ್ಲ."

"ನಿನ್ನ ಮನೇಲಿ ನಾನು ಎಂತ ಮಾಡೂದು? ನಿನ್ನ ಅತ್ತೆ ಕಾಲು ಒತ್ತೂದಾ?" ಎಂದಳು ಮೀನಕ್ಕ. ಅಷ್ಟು ಹೇಳಲು ಉಸಿರಿಗಾಗಿ ಎರಡು ಸಲ ನಿಲ್ಲಿಸಿದಳು. ಮಗಳು ಹೊರಗೆ ಹೋದ ಮೇಲೆ ನನ್ನ ಕೈ ಹಿಡಿದು, "ಪೇಟೇಲಿ ಕೂತ್ರೆ ನಾನೂ ಒಂದು ಜನ, ಬಾಯೋರೆ. ಅಲ್ಲಿ ಹೋದ್ರೆ ಮೂಲೇಲಿ ಇಟ್ಟ ಮಣೆ," ಎಂದಳು.

ಕಟ್ಟಡದ ಮಾಲಿಕರು ಭಟ್ಕಳದಲ್ಲಿದ್ದರು. ಬಟ್ಟೆ ವ್ಯಾಪಾರದ ನವಾಯತ ಮನೆತನದ ಹಿರಿಯರು. ಮಳೆಗಾಲ ಕಳೆದ ಮೇಲೆ ಒಂದು ರಜೆಯ ದಿನ ಬಸ್ಸು ಹತ್ತಿ ಅವರ ಮನೆಗೆ ಹೋದೆ. ಶರಬತ್ತು ಕೊಟ್ಟು, ನನ್ನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿ, ಗಡ್ಡ ಸವರಿಕೊಂಡರು.

"ನರ್ಸಬಾಯಿ, ಅದು ನಮ್ಮ ಅಜ್ಜ ಅರಳೆಗೆ ಕಟ್ಟಿದ ಗೋಡೆ. ಇಷ್ಟು ವರ್ಷದಲ್ಲಿ ಅರಳೆ ಒಂದು ದಿನ ಕೆಮ್ಮಿದ್ದಿಲ್ಲ."

"ಈಗ ಅಲ್ಲಿ ಇರೋದು ಅರಳೆ ಅಲ್ಲ ಸಾಹೇಬರೆ. ನೀವು ಬಾಡಿಗೆ ತಗೊಳ್ಳೋದೂ ಅರಳೆ ಹತ್ರ ಅಲ್ಲ."

ಅವರು ನಕ್ಕರು. ನಕ್ಕವರು ಬೇಗ ಒಪ್ಪುತ್ತಾರೆ ಎಂದೇನಿಲ್ಲ. ಆದರೆ ಮುಂದಿನ ವಾರವೇ ಒಬ್ಬ ಗೌಂಡಿಯನ್ನು ಕರೆದುಕೊಂಡು ಕುಮಟೆಗೆ ಬಂದರು. ಗೋಡೆ ಕಟ್ಟುವ ಆ ಗೌಂಡಿ ಮೀನಕ್ಕನ ಮನೆಯ ಗೋಡೆಗೆ ಮೆತ್ತಿದ ಗಿಲಾವಿನ ಒಂದು ಚೂರು ಕಿತ್ತು ನಾಲಿಗೆಗೆ ಮುಟ್ಟಿಸಿ, ಉಗಿದ. ಮಾಲಿಕರಿಗೂ ಒಂದು ಚೂರು ಕೊಟ್ಟ. ಅವರೂ ರುಚಿ ನೋಡಿ, "ಯಾ ಅಲ್ಲಾ, ಉಪ್ಪು," ಎಂದರು. ಅವರ ತಂದೆಯ ಕಾಲದಲ್ಲಿ ಕೆಳಗಿನ ಮನೆಗಳಿಗೆ ಸಿಮೆಂಟಿನ ಗಿಲಾವು ಮಾಡಿಸುವಾಗ ಹೊಳೆಯ ಮರಳು ತರಿಸುವ ಬದಲು ಕಡಲ ದಂಡೆಯ ಹೊಯ್ಗೆಯನ್ನೇ ಗಾಡಿಯಲ್ಲಿ ಹೇರಿಸಿ ತಂದಿದ್ದರಂತೆ. ಕಡಲು ಅಷ್ಟು ಹತ್ತಿರ, ಹೊಯ್ಗೆ ಅಷ್ಟು ಬೆಳ್ಳಗೆ. ನಮ್ಮ ಕರಾವಳಿಯಲ್ಲಿ ಹೀಗೆ ಮಾಡಿದವರು ಅವರೊಬ್ಬರೇ ಅಲ್ಲ. ಆ ಉಪ್ಪು ಪ್ರತಿ ಮಳೆಗಾಲವೂ ಗಾಳಿಯ ನೀರನ್ನು ಎಳೆದುಕೊಂಡು ಗೋಡೆಯನ್ನು ಬೆವರಿಸುತ್ತಿತ್ತು. ತಂದೆ ಮಾಡಿಸಿದ್ದು ಎಂದು ತಿಳಿದ ಮೇಲೆ ಮಾಲಿಕರು ಕೆಲಸ ಹಿಡಿಯಲು ಹೇಳಿ ಹೋದರು.

ಚಳಿಗಾಲ ಮುಗಿಯುವ ಹೊತ್ತಿಗೆ ಕೆಲಸ ಶುರುವಾಯಿತು. ಉಪ್ಪಿನ ಗಿಲಾವನ್ನೆಲ್ಲ ಕೆತ್ತಿ ತೆಗೆದು, ಗೋಡೆಯನ್ನು ಬಿಸಿಲ ದಿನಗಳಲ್ಲಿ ಹಾಗೇ ಒಣಗಲು ಬಿಟ್ಟು, ಸುಣ್ಣದ ಗಾರೆ ಬಳಿದರು. ಕೆಳಗಿನ ಒಂದೊಂದು ಮನೆಗೂ ಎದುರುಬದುರು ಗಾಳಿ ಆಡುವಂತೆ ಕಿಟಕಿ ಕೊರೆದರು. ಮೇಲಿನ ನಮಗೆ ಹಂಚಿನ ಕೆಳಗೆ ಹಲಗೆಯ ಮುಚ್ಚಿಗೆ ಬಂತು. ಹಂಚಿಗೂ ಹಲಗೆಗೂ ನಡುವೆ ಗಾಳಿ ಹರಿಯಲು ಜಾಗ ಬಿಟ್ಟು, ಅಲ್ಲಲ್ಲಿ ಗಾಜಿನ ಹಂಚು ಕೂರಿಸಿದರು. ಕಿಟಕಿ ತೆರೆದ ದಿನ ಮೀನಕ್ಕ ತನ್ನ ಮನೆಯನ್ನೇ ಮೊದಲ ಸಲ ನೋಡಿದವಳಂತೆ ಬಾಗಿಲಲ್ಲಿ ನಿಂತಳು.

"ಅಯ್ಯೋ, ಇಷ್ಟು ಕೊಳಕಾಗಿತ್ತಾ ನನ್ನ ಮನೆ? ಕತ್ಲೇನೇ ಚೊಲೋ ಇತ್ತಲ್ರಾ!"

ಆಮೇಲೆ ಬಂದ ಜಗಳ ಒಲೆಯದು. ಆಗ ಬ್ಲಾಕ್ ಆಫೀಸಿನವರು ಊರೂರಲ್ಲಿ ಹೊಗೆಯಿಲ್ಲದ ಒಲೆ ಹಾಕಿಸುತ್ತಿದ್ದರು. ಮಣ್ಣಿನ ಒಲೆ, ಒಂದೇ ಬೆಂಕಿಗೆ ಎರಡು ಪಾತ್ರೆ, ಹಿಂದೆ ಸಿಮೆಂಟಿನ ಪೈಪು. ಹೊಗೆ ಪೈಪಿನಲ್ಲಿ ಹೋಗಿ ಮಾಡಿನ ಮೇಲೆ ಹೊರಬೀಳುತ್ತದೆ. ಮೀನಕ್ಕನ ಅಡಿಗೆಮನೆಯ ಹಿಂದೆ, ಗೋಡೆಗೆ ತಾಗಿದಂತೆ, ಗುಡ್ಡ ಕಡಿದ ದರೆ. ಪೈಪನ್ನು ಹೊರಗೆ ತಿರುಗಿಸಲು ಜಾಗವಿಲ್ಲ. ನೇರ ಮೇಲಕ್ಕೆ ಹೋಗಬೇಕು. ಮೇಲೆ ಇರುವುದು ತಂಗಿಯ ಅಡಿಗೆಮನೆ.

"ಮೀನು ಬೇಯಿಸಿದ ಹೊಗೆ ನಮ್ಮ ಅಡಿಗೆಮನೆ ಒಳಗೆ ಹೋಗವಾ? ಅತ್ತೆಗೆ ಗೊತ್ತಾದ್ರೆ ನನ್ನ ಕತೆ ಮುಗತ್ತು," ಎಂದಳು ತಂಗಿ.

"ಹೊಗೆ ಪೈಪಿನ ಒಳಗೆ ಹೋಗ್ತದೆ, ನಿನ್ನ ಅಡಿಗೆಮನೆ ಒಳಗೆ ಅಲ್ಲ. ಈಗ ಆ ಹೊಗೆ ಎಲ್ಲಿ ಹೋಗ್ತಾ ಇದೆ? ಮೆಟ್ಟಿಲು ಹತ್ತಿ ನಿನ್ನ ಮಗುವಿನ ಮೂಗಿಗೇ ಹೋಗ್ತಾ ಇದೆ."

ಅವಳಿಗೆ ಕೂಸು ಹುಟ್ಟಿ ಕೆಲವೇ ತಿಂಗಳಾಗಿತ್ತು. ಆ ಮಾತು ತಾಗಿತು. ಪೈಪು ಹೋಗುವ ಜಾಗದ ಸುತ್ತ ಸಂದಿಯಿಲ್ಲದಂತೆ ಗಾರೆ ಮೆತ್ತಬೇಕು ಎಂಬ ಕರಾರಿನ ಮೇಲೆ ಒಪ್ಪಿದಳು. ಮೆತ್ತುವಾಗ ಸ್ವತಃ ದೀಪ ಹಿಡಿದು ನಿಂತು ನೋಡಿದಳು.

ಮಳೆ ಬಂತು. ಕೆಳಗೆ ಮೀನಕ್ಕ ಹೊಸ ಒಲೆ ಹೊತ್ತಿಸಿದರೆ ಮೇಲೆ ಪೈಪು ಬೆಚ್ಚಗಾಗುತ್ತಿತ್ತು. ಇದನ್ನು ಯಾರೂ ಎಣಿಸಿರಲಿಲ್ಲ. ತಂಗಿ ಮೊದಮೊದಲು ಪೈಪಿನಿಂದ ದೂರ ನಿಂತು ಅಡಿಗೆ ಮಾಡುತ್ತಿದ್ದಳು. ಆಷಾಢದಲ್ಲಿ ಕೂಸಿನ ಬಟ್ಟೆ ಒಂದೂ ಒಣಗದೆ, ಇನ್ನು ತೊಡಿಸಲು ಏನೂ ಇಲ್ಲ ಎನ್ನುವ ಗತಿ ಬಂದಾಗ ಪೈಪಿನ ಸುತ್ತ ಒಂದು ಹಗ್ಗ ಕಟ್ಟಿದಳು. ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನಕ್ಕೆ ಗರಿಗರಿ. ಆಮೇಲೆ ಹಗ್ಗದ ಕೆಳಗೆ ಮೊರ ಬಂತು, ಮೊರದಲ್ಲಿ ಹಪ್ಪಳ ಬಂತು. ಒಂದು ದಿನ ನಾನು ಹೋದಾಗ ಪೈಪಿಗೆ ಬೆನ್ನು ಕೊಟ್ಟು ಕುಳಿತು ಕೂಸಿಗೆ ಹಾಲು ಕುಡಿಸುತ್ತಿದ್ದಳು. ನನ್ನನ್ನು ಕಂಡು ಅವಳೇ, "ಬಿಸಿಗೆ ಎಂತ ಮಡಿ ಮೈಲಿಗೆ ಅಕ್ಕಾ?" ಎಂದಳು.

ಕೆಳಗೂ ಸುಖವಾಗಿತ್ತು. ಗೋಡೆ ಬೆವರಲಿಲ್ಲ. ಮೀನಕ್ಕ ಓಣಿ ಹತ್ತುವಾಗ ಒಂದೇ ಕಡೆ ನಿಲ್ಲುತ್ತಿದ್ದಳು. ಅದೂ ದಮ್ಮಿಗಲ್ಲ, ಹರಟೆಗೆ. ನನಗೆ ಸಮಾಧಾನವಾಯಿತು. ಚೌತಿ ಬಂದರೆ ಬರಲಿ ಎಂದುಕೊಂಡೆ.

ಆದರೆ ಶ್ರಾವಣದ ಆರಂಭದಲ್ಲಿ ಅವಳ ಕೆಮ್ಮು ಮತ್ತೆ ಕೇಳತೊಡಗಿತು. ನಾಲ್ಕು ದಿನದಲ್ಲಿ ಎದೆಯಲ್ಲಿ ಸಿಳ್ಳು. ಔಷಧ ತಪ್ಪಿಸಿದೆಯಾ ಎಂದು ಕೇಳಿದರೆ ಇಲ್ಲ. ಮಳೆಯಲ್ಲಿ ನೆನೆದೆಯಾ ಎಂದರೆ ಇಲ್ಲ. ಗೋಡೆ ಮುಟ್ಟಿ ನೋಡಿದೆ, ಒಣಗಿತ್ತು. ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಒಂದು ಬೆಳಿಗ್ಗೆ ನಾನು ಡ್ಯೂಟಿಗೆ ಹೊರಟಾಗ ತಂಗಿ ಬಾಗಿಲಿಗೆ ಬಂದಳು.

"ಅಕ್ಕಾ, ಸ್ವಲ್ಪ ಬಂದು ನೋಡಲಾಗ್ತಾ? ಪೈಪು ತಣ್ಣಗಿದ್ದು. ನಿನ್ನೆನೂ ಹಿಂಗೇ. ಕೂಸಿನ ವಸ್ತ್ರ ಒಂದೂ ಒಣಗ್ತಿಲ್ಲೆ."

"ಕೆಳಗೆ ಇನ್ನೂ ಒಲೆ ಹೊತ್ತಿಸಲಿಲ್ಲವೇನೋ."

"ಹೊತ್ತಿಸಿದ್ದು. ಮೀನು ಸಾರಿನ ವಾಸನೆ ಮೆಟ್ಟಿಲಲ್ಲಿ ಬತ್ತಾ ಇದ್ದು. ವಾಸನೆ ಬತ್ತು, ಬಿಸಿ ಬತ್ತಿಲ್ಲೆ. ಇದೆಂತ ನ್ಯಾಯ?"

ನಾನು ಕೆಳಗಿಳಿದೆ. ಮೀನಕ್ಕನ ಅಡಿಗೆಮನೆ ಹಳೆಯ ಕಾಲದ ಹಾಗೆ ಹೊಗೆಯಿಂದ ತುಂಬಿತ್ತು. ಅವಳು ಕಣ್ಣೊರೆಸಿಕೊಳ್ಳುತ್ತ ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತಿದ್ದಳು.

"ಡ್ಯೂಟಿಗೆ ಹೊತ್ತಾಗಲಿಲ್ವ ಬಾಯೋರೆ?"

"ಪೈಪಿಗೆ ಎಂತ ಆತು?"

"ಪೈಪಿಗೆ ಎಂತ ಆಗ್ತದೆ? ಸಿಮೆಂಟಿಂದು."

ಬಗ್ಗಿ ನೋಡಿದೆ. ಪೈಪಿನ ಬುಡದಲ್ಲಿ ಮಸಿ ತೆಗೆಯಲು ಬಿಟ್ಟ ಕಿಂಡಿಯ ಮುಚ್ಚಳ ಪಕ್ಕದಲ್ಲಿತ್ತು. ಕಿಂಡಿಯಿಂದ ಕೈ ಹಾಕಿ ಮೇಲ್ಭಾಗಕ್ಕೆ ಗೋಣಿ ತುರುಕಲಾಗಿತ್ತು. ಹೊಗೆ ಮೇಲೆ ಹೋಗಲಾರದೆ ಕಿಂಡಿಯಿಂದ ಮನೆಯೊಳಗೆ ಬರುತ್ತಿತ್ತು.

"ಇದನ್ನ ಯಾರು ತುರುಕಿದ್ದು?"

"ಹೆಗ್ಗಣ."

"ಹೆಗ್ಗಣ ಗೋಣಿಯನ್ನ ಮಡಚಿ ಮಡಚಿ ಇಡ್ತದಾ?"

ಅವಳಿಗೆ ನಗು ತಡೆಯಲಾಗಲಿಲ್ಲ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ನೀರು ಕುಡಿಸಿ, ಕಿಟಕಿಯ ಹತ್ತಿರ ಕೂರಿಸಿ, ಬೆನ್ನು ಸವರಿದೆ. ಉಸಿರು ಬಂದ ಮೇಲೆ ಅವಳು ಒಲೆಯ ಮೇಲಿನ ಅಟ್ಟದ ಕಡೆ ಕೈ ತೋರಿಸಿದಳು. ಅಟ್ಟದಿಂದ ಒಣಮೀನಿನ ಒಂದು ಗೊಂಚಲು ಇಳಿಸಿದೆ. ಬಂಗಡೆಯ ಮೈಮೇಲೆ ಬಿಳಿ ಬೂಸಲು.

ಆಗ ನನಗೆ ಅರ್ಥವಾಯಿತು. ಮಳೆಗಾಲದಲ್ಲಿ ದೋಣಿಗಳು ದಡ ಹತ್ತಿದ ಮೇಲೆ ಹಸಿ ಮೀನಿಲ್ಲ. ಬೇಸಿಗೆಯಲ್ಲಿ ಉಪ್ಪು ಹಾಕಿ ಒಣಗಿಸಿಟ್ಟ ಬಂಗಡೆ, ಸಿಗಡಿ, ತೊರಕೆಯೇ ಅವಳ ಪೇಟೆ. ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಕಟ್ಟಿಡುವುದು ಅವಳ ಅಜ್ಜಿಯ ಕಾಲದಿಂದ ಬಂದದ್ದು. ದಿನವೂ ಹೊಗೆ ತಾಗುತ್ತಿದ್ದರೆ ಬೂಸಲು ಹಿಡಿಯುವುದಿಲ್ಲ, ಹುಳ ಬೀಳುವುದಿಲ್ಲ. ಪಕ್ಕದಲ್ಲಿಟ್ಟ ಕಟ್ಟಿಗೆಯೂ ಅದರಲ್ಲೇ ಒಣಗುತ್ತಿತ್ತು. ನಾವೆಲ್ಲ ಸೇರಿ ಹೊಗೆಯನ್ನು ಹೊರಗೆ ಕಳಿಸಿದೆವು. ಅದು ಮಾಡುತ್ತಿದ್ದ ಕೆಲಸವನ್ನು ಇನ್ನು ಯಾರು ಮಾಡಬೇಕು ಎಂದು ಯಾರೂ ಕೇಳಲಿಲ್ಲ. ಅವಳೂ ಕೇಳಲಿಲ್ಲ.

"ಮೊದಲೇ ಎಂತಕ್ಕೆ ಹೇಳಲಿಲ್ಲ ನೀನು?"

"ಹ್ಯಾಂಗೆ ಹೇಳೂದು? ನೀವು ನನ್ನ ಸಲುವಾಗಿ ಭಟ್ಕಳದ ತನಕ ಹೋಗಿ ಮಾತಾಡಿ ಬಂದ್ರಿ. ಮೇಲಿನ ಅಮ್ಮ ಅಡಿಗೆಮನೆ ಒಡಿಸ್ಕಂಡ್ಲು. ಇಷ್ಟೆಲ್ಲ ಆದ್ಮೇಲೆ ನಂಗೆ ನನ್ನ ಹೊಗೆ ವಾಪಸ್ ಕೊಡಿ ಅಂದ್ರೆ ನೀವು ಎಂತ ಹೇಳ್ತಿದ್ರಿ?"

"ಹಂಗಂತ ಉಸಿರು ಕಟ್ಟಿ ಸಾಯೂದಾ?"

"ದಮ್ಮು ಹೆಚ್ಚಾದ್ರೆ ಮಗಳು ಕರ್ಕಂಡು ಹೋಗ್ತದೆ. ಮೀನು ಹಾಳಾದ್ರೆ ನಾನೇ ಮಗಳ ಮನೆಗೆ ಹೋಗ್ಬೇಕು. ಎರಡಕ್ಕೂ ಒಂದೇ ಬಸ್ಸು ಬಾಯೋರೆ."

ಬಾಗಿಲಲ್ಲಿ ಸದ್ದಾಯಿತು. ತಂಗಿ ಕೂಸನ್ನು ಸೊಂಟಕ್ಕೇರಿಸಿಕೊಂಡು ಮೆಟ್ಟಿಲಿಳಿದು ಬಂದು ನಿಂತಿದ್ದಳು. ಮೀನಿನ ಮನೆಯ ಹೊಸ್ತಿಲವರೆಗೆ ಅವಳು ಬಂದದ್ದು ಅದೇ ಮೊದಲು. ಮೂಗಿಗೆ ಸೆರಗು ಹಿಡಿದೇ ಕೇಳಿದಳು.

"ಒಣಗವು ಹೇಳಾದ್ರೆ ಹೊಗೆ ಎಂತಕ್ಕೆ? ಬಿಸಿ ಸಾಕಲ್ದ? ನಮ್ಮ ಹಪ್ಪಳ ಪೈಪಿನ ಬಿಸಿಗೇ ಒಣಗ್ತು."

ಮೀನಕ್ಕ ಕಣ್ಣರಳಿಸಿದಳು. "ನಿಮ್ಮ ಹಪ್ಪಳ ನನ್ನ ಪೈಪಲ್ಲಿ ಒಣಗ್ತದಾ?"

"ಹಪ್ಪಳದ ಸುದ್ದಿ ಪೇಟೇಲಿ ಹೇಳಡ ಮಾರಾಯ್ತಿ, ನಿನ್ನ ಕೈ ಮುಗಿತೆ," ಎಂದಳು ತಂಗಿ.

ಗೋಣಿಯನ್ನು ನಾನು ಆ ಕೂಡಲೇ ಎಳೆದು ತೆಗೆದೆ. ಆಸ್ಪತ್ರೆಗೆ ತಡವಾಗಿ ಹೋದದ್ದು ನನ್ನ ನೌಕರಿಯಲ್ಲಿ ಅಪರೂಪ. ಅಂದು ತಡವಾಯಿತು. ಮಾಲಿಕರಿಗೆ ಹೇಳಿ ಕಳಿಸಿ ಮರಗೆಲಸದ ಆಚಾರಿಯನ್ನು ಕರೆಸಿದೆವು. ಹಳೆಯ ಅಟ್ಟವನ್ನು ಬಿಚ್ಚಿ, ಅದರ ಮರದಿಂದಲೇ ಪೈಪಿನ ಸುತ್ತ ಕಪಾಟಿನಂತೆ ಒಂದು ಗೂಡು ಮಾಡಿಸಿದೆವು. ಮರ ಪೈಪಿಗೆ ತಾಗಬಾರದು, ಒಂದು ಗೇಣು ದೂರವಿರಬೇಕು ಎಂದು ನಾನು ಹಟ ಹಿಡಿದೆ. ಗೂಡಿನ ಕೆಳಗೂ ಮೇಲೂ ಗಾಳಿಗೆ ಜಾಳಿಗೆ. ಮೇಲಿನ ಜಾಳಿಗೆಯಿಂದ ಬರುವ ವಾಸನೆ ಕಿಟಕಿಯ ಕಡೆಗೆ ಹೋಗಬೇಕೇ ಹೊರತು ಮೆಟ್ಟಿಲ ಕಡೆಗಲ್ಲ ಎಂದು ತಂಗಿ ಮಹಡಿಯಿಂದಲೇ ಹೇಳಿ ಕಳಿಸಿದಳು. ಆಚಾರಿ, "ವಾಸನೆಗೆ ದಾರಿ ತೋರ್ಸೂಕೆ ನಾನೆಂತ ಪೊಲೀಸಾ?" ಎಂದು ಗೊಣಗುತ್ತಲೇ ಜಾಳಿಗೆಯನ್ನು ಕಿಟಕಿಯ ಬದಿಗೆ ತಿರುಗಿಸಿದ.

ಬೂಸಲು ಹಿಡಿದ ಮೀನಿನಲ್ಲಿ ಒಂದು ಪಾಲು ತೆಂಗಿನ ಬುಡಕ್ಕೆ ಹೋಯಿತು. ಉಳಿದದ್ದನ್ನು ಮೀನಕ್ಕ ಉಪ್ಪು ನೀರಿನಲ್ಲಿ ತೊಳೆದು, ಮಳೆ ಬಿಟ್ಟ ಹೊತ್ತು ನೋಡಿ ಅಂಗಳದಲ್ಲಿ ಆರಿಸಿ, ಗೂಡಿನಲ್ಲಿ ತೂಗುಹಾಕಿದಳು. ಅದು ಒಣಗಿತು. ಗೂಡಿನ ತಳದಲ್ಲಿ ಮರುದಿನಕ್ಕೆ ಬೇಕಾದ ಕಟ್ಟಿಗೆ ಇಟ್ಟರೆ ಅದೂ ಒಣಗಿ, ಒಲೆ ಊದುವ ಕೆಲಸವಿಲ್ಲದೆ ಹೊತ್ತುತ್ತಿತ್ತು. ಒಣ ಕಟ್ಟಿಗೆ, ಒಂದೇ ಬೆಂಕಿಗೆ ಎರಡು ಪಾತ್ರೆ. ಬೇರೆ ವರ್ಷ ಆ ಹೊತ್ತಿಗೆ ನೆಲ ಕಾಣುತ್ತಿದ್ದ ಅವಳ ಕಟ್ಟಿಗೆಯ ರಾಶಿ ಈ ವರ್ಷ ಇನ್ನೂ ಸೊಂಟದೆತ್ತರ ಇತ್ತು. ನೋಡಿದ ಉಳಿದ ಬಿಡಾರದವರೂ ಗೂಡು ಬೇಕೆಂದರು. ಆಚಾರಿ ಚೌತಿಯವರೆಗೆ ವಖಾರದಲ್ಲೇ ಇದ್ದ.

ಎದೆಯ ಸಿಳ್ಳು ಮಾತ್ರ ಕೂಡಲೇ ಹೋಗಲಿಲ್ಲ. ಹೊಗೆ ಒಮ್ಮೆ ಒಳಗೆ ಹೋದರೆ ಅದನ್ನು ಎಳೆದು ತೆಗೆಯಲು ಬರುವುದಿಲ್ಲ. ದಿನವೂ ಸಂಜೆ ಡ್ಯೂಟಿ ಮುಗಿಸಿ ಬಂದು ಅವಳ ಬೆನ್ನಿಗೆ ಕಿವಿ ಕೊಟ್ಟು ಕೇಳುತ್ತಿದ್ದೆ. ಒಂದು ದಿನ ಕಡಿಮೆ, ಮರುದಿನ ಜಾಸ್ತಿ. ಚೌತಿ ಹತ್ತಿರ ಬರುತ್ತಿದ್ದಂತೆ ಮೀನಕ್ಕ ಮಾತು ಕಡಿಮೆ ಮಾಡಿದಳು. ಅದು ನನಗೆ ಕೆಮ್ಮಿಗಿಂತ ಹೆಚ್ಚು ಚಿಂತೆ ಹುಟ್ಟಿಸಿತು.

ಚೌತಿಗೆ ಇನ್ನೂ ಎರಡು ಮೂರು ದಿನವಿರುವಾಗ ಮಗಳು ಬಂದಳು. ಕೈಯಲ್ಲಿ ದೊಡ್ಡ ಖಾಲಿ ಚೀಲ. ತಾಯಿ ಪೇಟೆಯಲ್ಲಿದ್ದಳು. ನಾನು ಮನೆಯಲ್ಲೇ ಇದ್ದೆ, ಕೆಳಗಿಳಿದು ಮೀನಕ್ಕನ ಬಾಗಿಲು ತೆಗೆದು ಕೂರಲು ಹೇಳಿದೆ. ಅವಳು ಕೂರಲಿಲ್ಲ. ಗೋಡೆಗೆ ಅಂಗೈ ಹಚ್ಚಿ ನೋಡಿದಳು, ಕಿಟಕಿಯಿಂದ ಹೊರಗೆ ಇಣುಕಿದಳು, ಗೂಡಿನ ಬಾಗಿಲು ತೆಗೆದು ಮೂಸಿದಳು.

"ರಾತ್ರಿ ಮಲಗ್ತದಾ, ಕೂತ್ಕಂಡೇ ಇರ್ತದಾ?" ಎಂದು ಕೇಳಿದಳು.

"ಈಗ ಮಲಗ್ತಾಳೆ. ನಡುವೆ ಕೆಲವು ದಿನ ಚೊಲೋ ಇರಲಿಲ್ಲ, ನಿನ್ನ ಹತ್ರ ಮುಚ್ಚಿಡೂದಿಲ್ಲ."

ಅವಳು ಚೀಲವನ್ನು ಮಂಚದ ಮೇಲೆ ಬಿಡಿಸಿ ಇಟ್ಟಳು. ತಾಯಿಯ ಸೀರೆಗಳನ್ನು ಹಗ್ಗದಿಂದ ಒಂದೊಂದಾಗಿ ತೆಗೆದು ಮಡಚತೊಡಗಿದಳು. ನಾನು ತಡೆಯಲಿಲ್ಲ. ತಾಯಿಯ ಉಸಿರಿನ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ನಾನಲ್ಲ.

ಓಣಿಯಲ್ಲಿ ಮೀನಕ್ಕ ಬರುವುದು ಕಿಟಕಿಯಿಂದ ಕಾಣಿಸಿತು. ಸಣ್ಣ ಮಳೆ. ತಲೆಯ ಮೇಲೆ ಬುಟ್ಟಿ, ಬುಟ್ಟಿಯ ಮೇಲೆ ಪ್ಲಾಸ್ಟಿಕ್. ಏರಿನ ನಡುವೆ ಒಮ್ಮೆ ನಿಂತಳು. ಮಗಳು ಮಡಚುತ್ತಿದ್ದ ಸೀರೆಯನ್ನು ಹಿಡಿದು ನನ್ನ ಮುಖ ನೋಡಿದಳು. ಮೀನಕ್ಕ ಯಾರನ್ನೋ ಕರೆದು ಏನೋ ಬೈದು, ಮುಂದೆ ನಡೆದು, ಬುಟ್ಟಿ ಇಳಿಸದೆಯೇ ಬಾಗಿಲಿಗೆ ಬಂದಳು. ಮಂಚದ ಮೇಲಿನ ಚೀಲ ನೋಡಿದಳು.

"ಎಂತದೇ ಇದು, ಚೌತಿ ಬಾಗ್ಲಿಗೆ ಬಂದಿದೆ, ಗಂಡನ ಮನೇಲಿ ಚಕ್ಕುಲಿ ಒತ್ತೂದು ಬಿಟ್ಟು ನನ್ನ ಸೀರೆ ಮಡಚೂಕೆ ಬಂದ್ಯಾ, ಒತ್ತೂಕೆ ಆಳು ಬೇಕಾಗಿ ನನ್ನ ಕರ್ಕಂಡು ಹೋಗೂಕೆ ಬಂದಿದ್ರೆ ಸೀದಾ ಹೇಳು, ದಮ್ಮು ಗಿಮ್ಮು ಅಂತ ನೆವ ಹೇಳ್ಬೇಡ!"

ಬುಟ್ಟಿ ಇನ್ನೂ ತಲೆಯ ಮೇಲೇ ಇತ್ತು. ಮಗಳು ಸೀರೆ ಹಿಡಿದುಕೊಂಡೇ ನಿಂತಳು. ಅವಳ ಕಣ್ಣು ತುಂಬಿತು.

"ಕಳೆದ ವರ್ಷ ಇಷ್ಟು ಬೈಯೂಕೆ ನಾಕು ಸಲ ನಿಲ್ಲಿಸ್ತಿತ್ತು ಬಾಯೋರೆ," ಎಂದಳು ನನಗೆ.

"ಹಂಗೆ ಬೇಕಾದ್ರೆ ಗಂಡನ ಮನೆಗೆ ಹೋಗಿ ಅತ್ತೆ ಹತ್ರ ಬೈಸ್ಕ, ನಿಲ್ಲಿಸಿ ನಿಲ್ಲಿಸಿ ಬೈತ್ರು," ಎಂದು ಮೀನಕ್ಕ ಬುಟ್ಟಿ ಇಳಿಸಿದಳು.

ಮಗಳು ಸೀರೆಗಳನ್ನು ಹಗ್ಗದ ಮೇಲೆ ಮತ್ತೆ ಹಾಕಿದಳು. ಊಟ ಮಾಡಿಯೇ ಹೊರಟಳು. ಖಾಲಿ ಚೀಲಕ್ಕೆ ತಾಯಿ ಗೂಡಿನ ಒಣಮೀನು ತುಂಬಿದಳು. ಮಗಳು ಒಂದನ್ನು ಮೂಗಿಗೆ ಹಿಡಿದು, ಹೊಗೆಯ ಪರಿಮಳವಿಲ್ಲ, ಅಪ್ಪ ಇದ್ದಾಗಿನ ರುಚಿ ಇದಕ್ಕೆ ಬರುವುದಿಲ್ಲ ಎಂದಳು. ಮೀನಕ್ಕ ಚೀಲದ ಬಾಯಿ ಕಟ್ಟುತ್ತ, "ಬರೂದಿಲ್ಲ. ನಿಜ," ಎಂದಳು.

ಸಂಜೆಯ ಹೊನ್ನಾವರದ ಬಸ್ಸಿಗೆ ಅವಳನ್ನು ಹತ್ತಿಸಲು ತಾಯಿ ತಾನೇ ಹೋದಳು. ಬಸ್ ಸ್ಟ್ಯಾಂಡಿನಿಂದ ಒಬ್ಬಳೇ ಓಣಿ ಹತ್ತಿ ಬಂದು, ಮರುದಿನದ ಮೀನಿಗೆ ಬುಟ್ಟಿ ತೊಳೆದು ಅಂಗಳದಲ್ಲಿ ಬೋರಲು ಹಾಕಿದಳು.